ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ಮನೆ ಕೊಡಬಹುದೇ?

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ನಮ್ಮ ಬಾಂಧವರಲ್ಲಿ ಹಲವರು ನಿವೃತ್ತಿಯ ಹಣದಿಂದಲೋ ಬ್ಯಾಂಕಿನ ಸಾಲದಿಂದಲೋ ಎರಡನೆಯದೊಂದು ಚಿಕ್ಕ ಮನೆ ಕೊಂಡು ಬಾಡಿಗೆಗೆ ಕೊಡುತ್ತಾರೆ. ಅವರ ಔಷಧಿಯ ಖರ್ಚು, ಸಾಲದ ಕಂತು ಆ ಬಾಡಿಗೆಯಿಂದಲೇ ಸಾಗಬೇಕು. ಇತ್ತ ಊರಿನಿಂದ ಹೊಸದಾಗಿ ಬಂದ ತರುಣನಿಗೆ ಸಂಬಳ ಚಿಕ್ಕದು, ಠೇವಣಿಗೆ ಹಣವಿಲ್ಲ. ಅವನಿಗೆ ಮನೆ ಕೊಡಬೇಕೋ ಬೇಡವೋ ಎಂದು ವಾಚನಾಲಯಕ್ಕೆ ಬರುವವರು ಕೇಳುವುದುಂಟು. ಆದುದರಿಂದ ಈ ನಾಲ್ಕು ಮಾತು.

ಮೊದಲನೆಯದಾಗಿ, ಸಂಬಳದ ಗಾತ್ರವೊಂದನ್ನೇ ನೋಡಬಾರದು. ಒಂದು ಕಾಲಕ್ಕೆ ಮುಂಬಯಿಯಲ್ಲಿ ಬಟ್ಟೆ ಗಿರಣಿಯ ಖಾಯಂ ನೌಕರಿಯೆಂದರೆ ಅದೇ ದೊಡ್ಡ ಜಾಮೀನು. 1982ರ ಜನವರಿ 18ರಂದು ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಸಂಬಳ ನಿಂತಿತು. ಅನೇಕರಿಗೆ ಆ ಕೆಲಸ ಮರಳಿ ಸಿಗಲೇ ಇಲ್ಲ. ಈ ತಿಂಗಳ ಸಂಬಳಚೀಟಿ ಮುಂದಿನ ತಿಂಗಳ ಹೊಣೆ ಹೊರಲಾರದು.

ಕೇಳಬೇಕಾದ ಪ್ರಶ್ನೆ, ಕೈಯಲ್ಲಿ ಉಳಿಯುವುದೆಷ್ಟು ಎಂಬುದು. ಒಬ್ಬನ ಸಂಬಳ 32,000 ರೂಪಾಯಿ ಎನ್ನೋಣ. ಬಾಡಿಗೆ 12,000, ಸಾಲದ ಕಂತುಗಳು 13,000, ಊರಿಗೆ 5,000 ಹೋದರೆ ಉಳಿಯುವುದು 2,000. ಇನ್ನೊಬ್ಬನ ಸಂಬಳ 20,000. ಬಾಡಿಗೆ 6,000, ಊರಿಗೆ 5,000, ಸಾಲವಿಲ್ಲ, ಉಳಿಯುವುದು 9,000. ಇವರಲ್ಲಿ ಬಡವನಾರು? ಆರು ತಿಂಗಳ ಪಾಸ್‌ಬುಕ್ ನೋಡಿದರೆ, ಹಿಂದಿನ ಮನೆಯ ಯಜಮಾನರನ್ನು ಒಂದು ಮಾತು ಕೇಳಿದರೆ ಇದು ತಿಳಿಯುತ್ತದೆ. ಜಾತಿ, ಊಟದ ಪದ್ಧತಿ ವಿಚಾರಿಸಿದರೆ ತಿಳಿಯುವುದಿಲ್ಲ.

ಎರಡನೆಯದಾಗಿ, ನಮ್ಮ ಲೆಕ್ಕವನ್ನೂ ನಾವು ನೋಡಿಕೊಳ್ಳಬೇಕು. ಎರಡು ತಿಂಗಳು ಬಾಡಿಗೆ ಬಾರದಿದ್ದರೆ ನಮ್ಮ ಕಂತು ಸಾಗೀತೇ? ಸಾಗದಿದ್ದರೆ, ಆಗುವುದಿಲ್ಲವೆಂದು ಆ ದಿನವೇ ಹೇಳಿಬಿಡುವುದು ಮೇಲು. ದಾಕ್ಷಿಣ್ಯಕ್ಕೆ ಒಪ್ಪಿ ಮೂರನೆಯ ತಿಂಗಳು ಜಗಳವಾಡಿದರೆ ಸ್ನೇಹವೂ ಹೋಯಿತು, ಹಣವೂ ಹೋಯಿತು.

ಸಾಗುವುದಾದರೆ ಕೊಡಬಹುದು. ಠೇವಣಿಯನ್ನು ಮೂರು ಕಂತಾಗಿ ಪಡೆಯಿರಿ. ಸಂಬಳದ ಮರುದಿನವೇ ಬಾಡಿಗೆಯ ದಿನವಾಗಲಿ. ನಂಬಿಕೆಯ ಒಬ್ಬರು ಜಾಮೀನಾಗಿ ಸಹಿ ಹಾಕಲಿ.

ನಮ್ಮವನೇ ಎಂದು ಕಾಗದ ಬಿಡಬಾರದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮನೆಯ ಯಜಮಾನನದು. ನೋಂದಣಿ ಇಲ್ಲದಿದ್ದರೆ, ಬೇರೆ ರುಜುವಾತು ಸಿಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಡೆಯುತ್ತದೆ. ಅವಧಿ ಮುಗಿದ ಮೇಲೂ ಮನೆ ಬಿಡದವನು 24ನೆಯ ಕಲಮಿನಂತೆ ಇಮ್ಮಡಿ ದರದಲ್ಲಿ ಪರಿಹಾರ ತೆರಬೇಕಾಗುತ್ತದೆ. ಆದರೆ ಬಾಡಿಗೆ ಬಾಕಿಯೆಂದು ನೀರು, ದೀಪ ನಿಲ್ಲಿಸುವಂತಿಲ್ಲ. 29ನೆಯ ಕಲಮು ಅದನ್ನು ತಡೆಯುತ್ತದೆ.

ಹೋಟೆಲಿನಲ್ಲಿ ದುಡಿದು, ಅಲ್ಲೇ ಮಲಗಿ, ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಕಲಿತು ಮುಂದೆ ಬಂದ ಕನ್ನಡಿಗರು ಕಡಿಮೆಯಿಲ್ಲ. ಅಂದು ಅವರಿಗೂ ಯಾರೋ ಒಬ್ಬರು ಲೆಕ್ಕ ನೋಡಿ, ನಂಬಿ, ಬಾಗಿಲು ತೆರೆದಿದ್ದರು. ಲೆಕ್ಕ ನೋಡೋಣ, ಲೆಕ್ಕ ಕೂಡಿದರೆ ಬಾಗಿಲನ್ನೂ ತೆರೆಯೋಣ.