ಸಿಗ್ನಲ್‌ನಲ್ಲಿ ನೀವು ಕಾದರೆ ಎಂಜಿನ್ನೂ ಕಾಯುತ್ತದೆಯೇ?

ದಾದರ್ ಇರಲಿ, ಹಡಪ್ಸರ್ ಇರಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಕಾರಿನ ಟೆಂಪರೇಚರ್ ಮುಳ್ಳು ಏರಿ, ಹೈವೇ ಹಿಡಿದ ಕೂಡಲೇ ಇಳಿಯುತ್ತಿದೆಯೇ? ಹಾಗಾದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನಿನ ಮೇಲಿರಲಿ.

ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದೇ. ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಬಾನೆಟ್ ತೆರೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಆಗ ಫ್ಯಾನ್ ತಿರುಗಬೇಕು. (ಕೈ, ದುಪಟ್ಟಾ ದೂರವಿರಲಿ; ಎಂಜಿನ್ ಆರಿಸಿದ ಮೇಲೂ ಅದು ಇದ್ದಕ್ಕಿದ್ದಂತೆ ತಿರುಗೀತು!) ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ ನೋಡಿಸಿ. ಎ.ಸಿ. ಹಾಕಿದಾಗ ಮಾತ್ರ ತಿರುಗಿ, ಎಂಜಿನ್ ಕಾದಾಗ ಸುಮ್ಮನಿದ್ದರೆ ಸೆನ್ಸರ್ ಕೆಟ್ಟಿರಬಹುದು. ಗ್ಯಾರೇಜಿನವನು "ಪೂರಾ ಫ್ಯಾನ್ ಬದಲ್‌ನಾ ಪಡೇಗಾ ಸಾಬ್" ಎಂದನೋ, ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ತೋರಿಸಲು ಹೇಳಿ. ತಿರುಗಿದರೆ ಮೋಟಾರ್ ಚೆನ್ನಾಗಿದೆ, ಫ್ಯಾನ್ ಬದಲಿಸುವ ಖರ್ಚು ಉಳಿಯಿತು.

ಫ್ಯಾನ್ ಸರಿಯಿದ್ದರೆ ಕೂಲೆಂಟ್ ಮಟ್ಟ ನೋಡಿ. ಆದರೆ ಎಂಜಿನ್ ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ಕುದಿನೀರು ಒತ್ತಡದಲ್ಲಿರುತ್ತದೆ, ಮುಖಕ್ಕೇ ಚಿಮ್ಮುತ್ತದೆ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ರೇಡಿಯೇಟರಿನ ಸಂದಿಗಳಲ್ಲಿ ಕೂತ ಧೂಳು, ಕೆಸರನ್ನೂ ತೊಳೆಸಿ.

ದಾರಿಯಲ್ಲೇ ಮುಳ್ಳು ಏರಿದರೆ? ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿ. ಬೆವರು ಕಿತ್ತು ಬರುತ್ತದೆ, ನಿಜ. ಆದರೆ ಎಂಜಿನ್ನಿನ ಒಂದಷ್ಟು ಶಾಖ ಹೀಗೆ ಹೊರಬೀಳುತ್ತದೆ. ಆದರೂ ಕೆಂಪು ಗೆರೆ ಮುಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಆರಿಸಿಬಿಡಿ. "ಮನೆ ಇನ್ನೆರಡೇ ಕಿಲೋಮೀಟರ್" ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ನನ್ನೇ ಬಿಚ್ಚಿಸಬೇಕಾದೀತು.