ಬೆವರಲೂಬಾರದು, ಬತ್ತಲೂಬಾರದು: ಸಿಯಾಚಿನ್ ಸೈನಿಕನ ಉಡುಪು, ನೀರಿನ ಲೆಕ್ಕ

2019ರ ಜೂನ್‌ನಲ್ಲಿ ಸಿಯಾಚಿನ್ ಸೈನಿಕರ ವಿಡಿಯೊ ಒಂದು ಎಲ್ಲರ ಫೋನಿನಲ್ಲೂ ಓಡಾಡಿತ್ತು. ಹಣ್ಣಿನ ರಸದ ಪೊಟ್ಟಣ ಹರಿದರೆ ಒಳಗೆ ಬರೀ ಗಟ್ಟಿ ಗಡ್ಡೆ. ಸುತ್ತಿಗೆಯಲ್ಲಿ ಬಡಿದರೂ ಮೊಟ್ಟೆ ಒಡೆಯುತ್ತಿರಲಿಲ್ಲ. ನೋಡಿದವರು ಅಯ್ಯೋ ಅಂದರು, ಮುಂದಕ್ಕೆ ಕಳಿಸಿದರು. ರಸ ಹೀಗಾದರೆ ಸೈನಿಕನ ಬಾಟಲಿಯ ನೀರಿನ ಪಾಡೇನು, ಅವನು ಕುಡಿಯುವುದಾದರೂ ಏನನ್ನು ಎಂದು ಕೇಳಿದವರು ಕಡಿಮೆ.

1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ್’ ಶುರುವಾದಾಗಿನಿಂದ ಭಾರತದ ಸೈನಿಕರು ಸಿಯಾಚಿನ್ ಹಿಮನದಿಯ ಮೇಲಿದ್ದಾರೆ. ಬಾನಾ ಪೋಸ್ಟ್‌ನಂಥ ನೆಲೆಗಳು 21,000 ಅಡಿ ಎತ್ತರದಲ್ಲಿವೆ. ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ 50 ಡಿಗ್ರಿ ಮುಟ್ಟುವುದುಂಟು. ಅಲ್ಲಿ ಬದುಕಲು ದಪ್ಪ ಕೋಟು ಬೇಕು ಎಂಬುದು ನಮ್ಮ ಊಹೆ. ನಿಜವಾಗಿ ಬೇಕಿರುವುದು ನೀರಿನ ನಿರ್ವಹಣೆ: ಮೈಯೊಳಗಿನ ನೀರು, ಬಟ್ಟೆಯೊಳಗಿನ ನೀರು, ಬಾಟಲಿಯೊಳಗಿನ ನೀರು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಕೋಟು ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ.

ಮೊದಲು ಮೈಯೊಳಗಿನದು. ಬೆಂಗಳೂರಿನ ಸಾಮಾನ್ಯ ದಿನವೊಂದರಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹತ್ತು ಹದಿನೈದು ಗ್ರಾಂ ನೀರಾವಿ ಇರುತ್ತದೆ. ಮೈನಸ್ 20 ಡಿಗ್ರಿಯ ಗಾಳಿ ಹೆಚ್ಚೆಂದರೆ ಒಂದು ಗ್ರಾಂ ಹಿಡಿದುಕೊಳ್ಳಬಲ್ಲದು. ಒಳಗೆಳೆದುಕೊಂಡ ಆ ಒಣಗಾಳಿಯನ್ನು ಮೂಗು ಮತ್ತು ಶ್ವಾಸನಾಳಗಳು ಬಿಸಿ ಮಾಡಿ, ತೇವ ಮಾಡಿ ಪುಪ್ಪುಸಕ್ಕೆ ಕೊಡುತ್ತವೆ. ಹೊರಬಿಡುವಾಗ ಆ ತೇವದ ಬಹುಪಾಲು ಹೊರಟೇಹೋಗುತ್ತದೆ. ಬಾಯಿಂದ ಹೊಗೆಯಂತೆ ಕಾಣುವುದು ಅದೇ. 18,000 ಅಡಿಯಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧ. ಆಮ್ಲಜನಕ ಸಾಲದೆ ಸೈನಿಕ ಕೂತಲ್ಲೇ ಏದುಸಿರು ಬಿಡುತ್ತಾನೆ. ಉಸಿರಿನಲ್ಲೇ ದಿನಕ್ಕೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ನೀರು ಹೋಗಿಬಿಡಬಹುದು.

ಎರಡನೆಯ ಸೋರಿಕೆ ಮೂತ್ರದ್ದು. ಚಳಿಗೆ ಕೈಕಾಲಿನ ರಕ್ತನಾಳಗಳು ಸಂಕುಚಿಸಿ ರಕ್ತವನ್ನು ಎದೆ ಹೊಟ್ಟೆಯ ಕಡೆ ತಳ್ಳುತ್ತವೆ. ನಡುಭಾಗದಲ್ಲಿ ರಕ್ತ ಹೆಚ್ಚಿದ್ದನ್ನು ಕಂಡ ದೇಹ, ನೀರು ಜಾಸ್ತಿಯಾಯಿತು ಎಂದು ತಪ್ಪು ತಿಳಿದು, ಮೂತ್ರಪಿಂಡಕ್ಕೆ ಹೊರಹಾಕು ಎನ್ನುತ್ತದೆ. ಅದೇ ತಪ್ಪು ತಿಳಿವಳಿಕೆಯಿಂದ ಬಾಯಾರಿಕೆಯೂ ಕುಗ್ಗುತ್ತದೆ. ಅಂದರೆ ನೀರು ಹೋಗುತ್ತಿರುತ್ತದೆ, ಬೇಕು ಎನಿಸುವುದಿಲ್ಲ. ಇದರ ಜೊತೆಗೆ ರಾತ್ರಿ ಮೂತ್ರಕ್ಕೆ ಏಳಬೇಕಲ್ಲ, ಮೈನಸ್ 40ರಲ್ಲಿ ಗುಡಾರದಿಂದ ಹೊರಗೆ ಹೋಗಬೇಕಲ್ಲ ಎಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವವರಿರುತ್ತಾರೆ. ಆ ಸಂಕಟ ಅರ್ಥವಾಗುವಂಥದ್ದೇ, ಆದರೆ ಅಪಾಯಕಾರಿ. ಎತ್ತರದಲ್ಲಿ ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಮೊದಲೇ ಗಟ್ಟಿಯಾಗಿರುತ್ತದೆ. ನೀರೂ ಕಡಿಮೆಯಾದರೆ ಬೆರಳ ತುದಿಗೆ ರಕ್ತ ತಲುಪುವುದು ಇನ್ನೂ ಕಷ್ಟ. ಹಿಮಗಡಿತ ಹಿಡಿಯುವುದು ಅಲ್ಲಿಂದಲೇ. ಹಾಗಾಗಿ ಅಲ್ಲಿ ಬಾಯಾರಿಕೆಯನ್ನು ನಂಬುವುದಿಲ್ಲ, ಮೂತ್ರದ ಬಣ್ಣವನ್ನು ನಂಬುತ್ತಾರೆ. ಹಿಮದ ಮೇಲೆ ಅದು ಕಡುಹಳದಿಯಾಗಿ ಬಿದ್ದರೆ ಕುಡಿದದ್ದು ಸಾಲದು ಎಂದೇ ಲೆಕ್ಕ.

ನೀರು, ಶಾಖ ಎರಡೂ ಒಟ್ಟಿಗೆ ಹೋಗುತ್ತವೆ ಎಂಬುದನ್ನು ಕನ್ನಡಿಗರು ಮರೆಯಲಾರದ ಒಂದು ವೈದ್ಯಕೀಯ ಪ್ರಕಟಣೆ ಹೇಳಿತ್ತು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್‌ನಲ್ಲಿ ಹಿಮಕುಸಿತದ ಅಡಿ ಸಿಕ್ಕಿದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿದಾಗ ಅವರಿಗೆ ಹಿಮಗಡಿತ ಆಗಿರಲಿಲ್ಲ, ಮೂಳೆಯೂ ಮುರಿದಿರಲಿಲ್ಲ. ಆದರೆ ತೀವ್ರ ನಿರ್ಜಲೀಕರಣ, ಮೈ ಉಷ್ಣಾಂಶದ ಕುಸಿತ, ಆಮ್ಲಜನಕದ ಕೊರತೆ, ರಕ್ತದ ಸಕ್ಕರೆಯ ಕುಸಿತ ಇವೆಲ್ಲ ಇದ್ದವು. ಫೆಬ್ರುವರಿ 11ರಂದು ಅವರು ತೀರಿಕೊಂಡರು.

ಇನ್ನು ಬಟ್ಟೆಯೊಳಗಿನ ನೀರು, ಅಂದರೆ ಬೆವರು. ಉಡುಪಿನ ವಿನ್ಯಾಸವೆಲ್ಲ ನಿಂತಿರುವುದು ಇದರ ಮೇಲೆ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವಾಟ್ ಶಾಖ ಹುಟ್ಟಿಸುತ್ತದೆ. ಅವನೇ ಬೆನ್ನಿಗೆ ಹೊರೆ ಕಟ್ಟಿಕೊಂಡು ಏರು ಹತ್ತಿದರೆ ಅದು 500 ವಾಟ್ ದಾಟುತ್ತದೆ. ಕಾವಲು ನಿಂತಾಗ ಸಾಲದ ಕೋಟು ಹತ್ತುವಾಗ ಸೆಕೆಯಾಗುತ್ತದೆ. ಬೆವರಿ ನಿಂತರೆ ಮುಗಿಯಿತು: ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗಿ ಒಳಗಿನ ನೀರು ತಣ್ಣಗಾಗುವಂತೆ ಬೆವರು ಆರುತ್ತ ಮೈಯ ಬಿಸಿಯನ್ನು ಎಳೆದೊಯ್ಯುತ್ತದೆ. ನೂರು ಮಿಲಿಲೀಟರ್ ಬೆವರು, ಅಂದರೆ ಅರ್ಧ ಲೋಟ, ಆರಲು ಬೇಕಾದ ಶಾಖ ಕೂತ ದೇಹ 40 ನಿಮಿಷ ಹುಟ್ಟಿಸುವ ಒಟ್ಟು ಶಾಖಕ್ಕೆ ಸಮ. ಆರದೆ ಬಟ್ಟೆಯಲ್ಲೇ ಉಳಿದರೂ ನಷ್ಟವೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ.

ಆದ್ದರಿಂದ ಒಂದು ದಪ್ಪ ಕೋಟಿನ ಬದಲು ಪದರಗಳು. ಮೈಗೆ ಅಂಟಿದ ಮೊದಲ ಪದರದ ಕೆಲಸ ಬೆಚ್ಚಗಿಡುವುದಲ್ಲ, ಬೆವರನ್ನು ಚರ್ಮದಿಂದ ದೂರ ಒಯ್ಯುವುದು. ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಇದಕ್ಕೆ ಸರಿ. ನಾವು ಪ್ರೀತಿಸುವ ಹತ್ತಿ ಇಲ್ಲಿ ಶತ್ರು, ಏಕೆಂದರೆ ಹೀರಿದ ನೀರನ್ನು ಅದು ಬಿಡುವುದಿಲ್ಲ. ನಡುವಿನ ಪದರ ಫ್ಲೀಸ್ ಅಥವಾ ಬಾತುಕೋಳಿಯ ಮೃದುಗರಿಯದು. ಬೆಚ್ಚಗಿಡುವುದು ಗರಿಯಲ್ಲ, ಅದರ ನಡುವೆ ಸಿಕ್ಕಿಕೊಂಡು ಅಲುಗದೆ ನಿಂತ ಗಾಳಿ. ಗರಿ ಒದ್ದೆಯಾಗಿ ಮುದ್ದೆಗಟ್ಟಿದರೆ ಗಾಳಿಗೆ ಜಾಗವಿಲ್ಲ, ಬಿಸಿಯೂ ಇಲ್ಲ. ಹೊರಗಿನ ಪದರ ಗಾಳಿಯನ್ನು ತಡೆಯಬೇಕು, ಒಳಗಿನ ಆವಿಯನ್ನು ಹೊರಬಿಡಬೇಕು. ಥರ್ಮಾಮೀಟರ್ ಮೈನಸ್ 20 ತೋರಿಸುವಾಗ ಗಂಟೆಗೆ 30 ಕಿಲೊಮೀಟರ್ ಗಾಳಿ ಬೀಸಿದರೆ ಬರಿಚರ್ಮಕ್ಕೆ ಅದು ಮೈನಸ್ 33. ಇಷ್ಟೆಲ್ಲ ತೊಟ್ಟ ಮೇಲೂ ಅನುಭವಿಗಳು ಪಾಲಿಸುವ ಪದ್ಧತಿ ಒಂದಿದೆ: ನಡಿಗೆ ಶುರುಮಾಡುವ ಮುನ್ನವೇ ಒಂದು ಪದರ ಕಳಚಿ, ತುಸು ಚಳಿಯಲ್ಲೇ ಹೊರಡುವುದು. ನಿಂತ ತಕ್ಷಣ, ಚಳಿ ಹತ್ತುವ ಮೊದಲೇ, ಅದನ್ನು ಮತ್ತೆ ತೊಡುವುದು. ಹೊಸಬರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಪಾದದ ವಿಷಯದಲ್ಲಿ ಅಮೆರಿಕದ ಸೇನೆ ದುಬಾರಿ ಪಾಠ ಕಲಿಯಿತು. 1950ರ ಚಳಿಗಾಲದಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಬಳಿ ಅವರ ಸೈನಿಕರು ಶೂಪ್ಯಾಕ್ ಎಂಬ ಬೂಟು ತೊಟ್ಟಿದ್ದರು. ಕೆಳಗೆ ರಬ್ಬರು, ಮೇಲೆ ಚರ್ಮ. ಹೊರಗಿನ ನೀರು ಒಳಗೆ ಬರುತ್ತಿರಲಿಲ್ಲ, ಸರಿ. ನಡೆದಾಗ ಬಂದ ಬೆವರು ಹೊರಗೂ ಹೋಗುತ್ತಿರಲಿಲ್ಲ. ನಿಂತಾಗ ಅದು ಕಾಲುಚೀಲದಲ್ಲೇ ಹೆಪ್ಪುಗಟ್ಟಿತು. ಹಿಮಗಡಿತಕ್ಕೆ ಬೆರಳು, ಪಾದ ಕಳೆದುಕೊಂಡವರು ಬಹಳ. ಆಮೇಲೆ ಅವರು ನಿರೋಧಕ ಪದರವನ್ನು ಎರಡು ರಬ್ಬರ್ ಪೊರೆಗಳ ನಡುವೆ ಮುಚ್ಚಿಟ್ಟ ಬೂಟು ತಂದರು. ಬೆವರಿದರೂ ಆ ಪದರ ಒದ್ದೆಯಾಗದು. ಪರ್ವತದ ಬೂಟುಗಳು ಬೇರೆ ದಾರಿ ಹಿಡಿದಿವೆ. ಅವು ಜೋಡಿ ಬೂಟುಗಳು: ಹೊರಗೆ ಗಟ್ಟಿ ಚಿಪ್ಪು, ಒಳಗೆ ಬಿಚ್ಚಿ ತೆಗೆಯಬಹುದಾದ ಮೃದು ಬೂಟು. ರಾತ್ರಿ ಒಳಬೂಟನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳಬೇಕು. ಹೊರಗೆ ಬಿಟ್ಟರೆ ಬೆಳಿಗ್ಗೆ ಕಾಲು ತೂರಿಸಲೂ ಆಗದು. ಒದ್ದೆ ಕಾಲುಚೀಲವನ್ನು ಹೊಟ್ಟೆಗೋ ಎದೆಗೋ ಒತ್ತಿಟ್ಟು ಮೈಬಿಸಿಯಲ್ಲೇ ಒಣಗಿಸುತ್ತಾರೆ. ವಾಸನೆಯ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ. ಕೈಗೂ ಇದೇ ರೀತಿ: ಒಳಗೆ ತೆಳು ಕೈಗವಸು, ಮೇಲೆ ಬೆರಳು ಬಿಡಿಸದ ದಪ್ಪ ಗವಸು, ಗಾಳಿಗೆ ಹಾರಿಹೋಗದಂತೆ ಅದಕ್ಕೊಂದು ದಾರ. ಬಂದೂಕಿನ ಕಬ್ಬಿಣಕ್ಕೆ ಬರಿಗೈ ತಾಗಿದರೆ ಚರ್ಮ ಅಂಟಿ ಕಿತ್ತುಬರುತ್ತದೆ.

ಮೂರನೆಯದು ಬಾಟಲಿ. ಸುತ್ತ ಹಿಮವೇ ಇರುವಾಗ ಹಿಡಿದು ತಿಂದರಾಯಿತಲ್ಲ ಎನ್ನಬಹುದು. ಮೈನಸ್ 30ರ ಒಂದು ಕಿಲೊ ಹಿಮ ಹೊಟ್ಟೆಯಲ್ಲಿ ಕರಗಿ ಮೈಬಿಸಿಗೆ ಬರಲು ಸುಮಾರು 550 ಕಿಲೊಜೂಲ್ ಬೇಕು. ಸುಮ್ಮನೆ ಕೂತ ದೇಹದ ಒಂದೂವರೆ ಗಂಟೆಯ ಶಾಖ ಅದು. ಹಾಗಾಗಿ ಹಿಮವನ್ನು ಸೀಮೆಎಣ್ಣೆ ಸ್ಟವ್ ಮೇಲೆ ಕರಗಿಸಿಯೇ ಕುಡಿಯಬೇಕು. ಪುಡಿಹಿಮವಾದರೆ ಹತ್ತು ಪಾತ್ರೆ ತುಂಬಿದರೂ ಸಿಗುವುದು ಸುಮಾರು ಒಂದು ಪಾತ್ರೆ ನೀರು. ತಳದಲ್ಲಿ ಒಂದಿಷ್ಟು ನೀರು ಮೊದಲೇ ಇರಬೇಕು, ಇಲ್ಲದಿದ್ದರೆ ಪಾತ್ರೆ ಸೀದು ನೀರಿಗೆ ಸುಟ್ಟ ವಾಸನೆ ಬರುತ್ತದೆ. ಮುಚ್ಚಿದ ಗುಡಾರದಲ್ಲಿ ಸ್ಟವ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಭಯ, ಗಾಳಿಗೆ ಕಿಂಡಿ ಬಿಟ್ಟರೆ ಚಳಿ. ಅಷ್ಟು ಕಷ್ಟಪಟ್ಟು ಮಾಡಿಕೊಂಡ ನೀರು ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟಬಾರದು.

ಬೆನ್ನಿಗೆ ತೊಡುವ ನೀರಿನ ಚೀಲ, ಅದರಿಂದ ಬಾಯಿಗೆ ಬರುವ ಕೊಳವೆ ಈಗ ಹಲವು ಸೇನೆಗಳಲ್ಲಿ ಇದೆ. ಕೈಗೆ ಕೆಲಸವಿಲ್ಲದೆ ನಡೆಯುತ್ತಲೇ ಗುಟುಕರಿಸಬಹುದು, ಆಗಾಗ ಕುಡಿಯುವ ರೂಢಿಯೂ ಆಗುತ್ತದೆ. ತೊಂದರೆ ಕೊಳವೆಯದು. ಚೀಲ ಬೆನ್ನ ಬಿಸಿಗೆ ದ್ರವವಾಗಿಯೇ ಉಳಿದರೂ ಬೆರಳು ದಪ್ಪದ ಕೊಳವೆಯ ನೀರು ಹೊರಗಿನ ಗಾಳಿಗೆ ಕೆಲವೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲು ಕಟ್ಟುವುದು ಕಚ್ಚಿ ಕುಡಿಯುವ ಮೂತಿ. ಪರಿಹಾರ ಸರಳ: ಪ್ರತಿ ಗುಟುಕಿನ ನಂತರ ಕೊಳವೆಗೆ ಊದಿ ನೀರನ್ನು ಚೀಲಕ್ಕೆ ಹಿಂದೆ ತಳ್ಳಬೇಕು, ಚೀಲವನ್ನು ಹೊರಕೋಟಿನ ಒಳಗೆ ತೊಡಬೇಕು, ಕೊಳವೆಯನ್ನು ತೋಳಿನಡಿಯಿಂದ ತರಬೇಕು. ಸಿಯಾಚಿನ್‌ನಂಥ ಚಳಿಯಲ್ಲಿ ಒಮ್ಮೆ ಊದಲು ಮರೆತರೂ ಸಾಕು, ಕೊಳವೆ ಕಟ್ಟಿಬಿಡುತ್ತದೆ. ಅಲ್ಲಿಗೆ ನನ್ನ ಮತ ಅಗಲ ಬಾಯಿಯ ಬಾಟಲಿಗೇ. ಅದಕ್ಕೆ ಬಿಸಿನೀರು ತುಂಬಿ, ಕಾಲುಚೀಲ ಹೊದಿಸಿ, ತಲೆಕೆಳಗಾಗಿ ಇಡಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬುಡದ ಕಡೆ ಮಂಜುಗಡ್ಡೆ ಕೂತು ಮುಚ್ಚಳದ ಕಡೆ ನೀರು ಉಳಿಯುತ್ತದೆ. ರಾತ್ರಿ ಅದೇ ಬಿಸಿ ಬಾಟಲಿ ಮಲಗುಚೀಲದಲ್ಲಿ ಕಾಲು ಕಾಯಿಸುತ್ತದೆ, ಬೆಳಿಗ್ಗೆ ಕುಡಿಯಲೂ ಸಿಗುತ್ತದೆ.

ಬ್ಯಾಟರಿಯಿಂದ ಬಿಸಿಯಾಗುವ ಜಾಕೆಟ್ಟು, ಕೈಗವಸುಗಳ ಜಾಹೀರಾತು ಈಗ ಹೆಚ್ಚು. ಅಲುಗದೆ ಕಾವಲು ಕೂರುವವರಿಗೆ ಅವು ಉಪಯುಕ್ತವೇ. ಆದರೆ ಲಿಥಿಯಂ ಬ್ಯಾಟರಿ ಚಳಿಗೆ ಸೊರಗುತ್ತದೆ, ಅದನ್ನೂ ಮೈಗೊತ್ತಿಕೊಂಡೇ ಕಾಯಬೇಕು. ಅಲ್ಲದೆ ಚಾರ್ಜ್ ಮಾಡುವ ಜನರೇಟರಿಗೆ ಇಂಧನವೂ ಮೇಲಕ್ಕೇ ಹೋಗಬೇಕು. ಕೈಯಲ್ಲಿ ಹಿಡಿಯುವ ಬಿಸಿಪೊಟ್ಟಣಗಳಲ್ಲಿ ಇರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಗಾಳಿ ತಾಗಿ ಕಬ್ಬಿಣ ತುಕ್ಕುಹಿಡಿಯುವಾಗ ಶಾಖ ಬರುತ್ತದೆ. ಆಮ್ಲಜನಕ ಅರ್ಧವಾದ ಎತ್ತರದಲ್ಲಿ ಅದರ ಬಿಸಿಯೂ ಮಂದ. ರಮ್ಮಿನ ಬಗ್ಗೆ ಒಂದೇ ಮಾತು: ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಭ್ರಮೆ ಕೊಡುತ್ತದೆ, ಒಳಗಿನ ಶಾಖವನ್ನು ಹೊರಗೆ ಬಿಟ್ಟುಕೊಡುತ್ತದೆ, ಮೂತ್ರವನ್ನೂ ಹೆಚ್ಚಿಸುತ್ತದೆ.

ಸಿಯಾಚಿನ್ ಸೈನಿಕರ ಉಡುಪುಗಳಲ್ಲಿ ಬಹುಪಾಲನ್ನು ಭಾರತ ದೀರ್ಘಕಾಲ ಹೊರದೇಶಗಳಿಂದಲೇ ತರಿಸುತ್ತಿತ್ತು. 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ (ಸಿಎಜಿ) ವರದಿ, ಎತ್ತರದ ಗಡಿಯ ಸೈನಿಕರಿಗೆ ಹಿಮಕನ್ನಡಕ, ಬೂಟುಗಳ ಕೊರತೆಯಿದೆ ಎಂದು ಎತ್ತಿ ತೋರಿತು. 2021ರ ಡಿಸೆಂಬರ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮೂರು ಪದರಗಳ ಉಡುಪಿನ ತಂತ್ರಜ್ಞಾನವನ್ನು ಐದು ಭಾರತೀಯ ಕಂಪನಿಗಳಿಗೆ ಕೊಟ್ಟಿತು. ಮೈನಸ್ 60 ಡಿಗ್ರಿವರೆಗೆ ತಾಳುವ ‘ಹಿಮಕವಚ್’ ಎಂಬ ಉಡುಪು ಪರೀಕ್ಷೆಯಲ್ಲಿ ಗೆದ್ದಿದೆ ಎಂದು 2025ರಲ್ಲಿ ಹೇಳಿತು. ಉಡುಪಿನ ಜೊತೆಗೆ ಊಟವೂ ಬೇಕು. ಸೈನಿಕರ ಪೊಟ್ಟಣದ ಊಟ ಸಿದ್ಧಪಡಿಸುವ ಸಂಶೋಧನೆ ನಡೆಯುವುದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ. ಉಣ್ಣದೆ ಉಡುಪೊಂದೇ ಬಿಸಿ ಕೊಡದು, ಅದು ಇರುವ ಬಿಸಿಯನ್ನು ಕಾಯುತ್ತದೆ ಅಷ್ಟೆ.

ಈಚೆಗೆ ನಮ್ಮೂರುಗಳಿಂದ ಹಿಮಾಲಯದ ಕೇದಾರಕಂಠ, ಚಾದರ್ ಚಾರಣಕ್ಕೆ ಹೋಗುವವರು ಹೆಚ್ಚಿದ್ದಾರೆ. ಅವರಿಗೆ ನನ್ನ ಸಲಹೆ: ಬ್ಯಾಟರಿ ಜಾಕೆಟ್ಟಿಗೆ ದುಡ್ಡು ಸುರಿಯಬೇಡಿ. ಹತ್ತಿಯ ಬನಿಯನ್ನು ಮನೆಯಲ್ಲೇ ಬಿಡಿ. ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಚ್ಚಿಗೆ, ಅಗಲ ಬಾಯಿಯ ಬಾಟಲಿ ಎರಡು ಕೊಳ್ಳಿ. ಗಂಟೆಗೊಮ್ಮೆ, ಬೇಡವೆನಿಸಿದರೂ, ಕುಡಿಯಿರಿ.