ಹೂವಿನ ಕಾಲ ಸೋಣ, ಚೈತ್ರವಲ್ಲ

ಏಪ್ರಿಲ್ ಬಂತೆಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ವಸಂತ ಅಲ್ವಾ ಮಾರಾಯ್ರೆ, ಕಾಡುಹೂವಿನ ಫೋಟೊ ತೆಗೆಯಲಿಕ್ಕೆ ಎಲ್ಲಿಗೆ ಹೋಗುವುದು?" ಹೇಳಿದರೆ ಕೇಳುವುದಿಲ್ಲ, ಹೋಗುತ್ತಾರೆ. ಮಣಿಪಾಲದ ಆಸುಪಾಸಿನಲ್ಲೋ ಕಾರ್ಕಳದ ದಾರಿಯಲ್ಲೋ ಒಂದು ಮುರಕಲ್ಲಿನ ಪದವು ಹತ್ತಿ, ಬಿಸಿಲಿಗೆ ಕಪ್ಪಾದ ಪಾದೆ ನೋಡಿ, "ಅಲ್ಲಿ ಏನೂ ಇಲ್ಲ, ಬೋಳು" ಎಂದು ಮರಳುತ್ತಾರೆ. ಆ ಮಾತಿಗೆ ನನಗೆ ಪ್ರತಿ ವರ್ಷ ಸಿಟ್ಟು ಬರುತ್ತದೆ.

ಬೇಸಗೆಯಲ್ಲಿ ನಮ್ಮಲ್ಲಿ ಹೂ ಬಿಡುವುದು ಮರಗಳು. ಕಕ್ಕೆಗೆ ಬೇರು ಆಳದಲ್ಲಿದೆ, ಅದು ವಿಷುವಿಗೆ ಹಳದಿಯಾಗುತ್ತದೆ. ಪಾದೆಯ ಮೇಲಾದರೋ ಮಣ್ಣಿರುವುದು ನಾಲ್ಕು ಬೆರಳಿನಷ್ಟು, ಕೆಲವೆಡೆ ಅದೂ ಇಲ್ಲ. ಉಡುಪಿ ಜಿಲ್ಲೆಗೆ ವರ್ಷಕ್ಕೆ ಬೀಳುವ ಸುಮಾರು 4,000 ಮಿ.ಮೀ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮೊಳೆಯುವುದು, ಅರಳುವುದು, ಬೀಜ ಉದುರಿಸುವುದು ಎಲ್ಲವೂ ಆ ಒದ್ದೆ ಆರುವ ಮೊದಲೇ ಆಗಬೇಕು. ಹಿಮ ಕರಗಿ, ಮರ ಚಿಗುರುವ ಮೊದಲು ಕಾಡಿನ ನೆಲಕ್ಕೆ ಬಿಸಿಲು ತಾಗುವ ದೇಶಗಳಲ್ಲಿ ಏಪ್ರಿಲ್‌ನ ಹೂ ನಿಜ. ಅಲ್ಲಿನ ಪಂಚಾಂಗ ಉಡುಪಿಗೆ ಹೊಂದುವುದಿಲ್ಲ.

ನಮ್ಮ ಕಲ್ಯಾಣಪುರದವರಿಗೆ ಇದನ್ನು ಹೊಸದಾಗಿ ಹೇಳಬೇಕೇ? ಕೊಂಕಣಿ ಮನೆಗಳಲ್ಲಿ ಗರಿಕೆ, ಬಗೆಬಗೆಯ ಹೂ ಸೇರಿಸಿ ಚೂಡಿ ಕಟ್ಟುವುದು ಶ್ರಾವಣದಲ್ಲಿ. ತುಳುವರು ಹೊಸ್ತಿಲಿಗೆ ಹೂವಿಡುವುದು ಸೋಣ ತಿಂಗಳಲ್ಲಿ. ಕ್ರೈಸ್ತ ಮಕ್ಕಳು ಒಂಬತ್ತು ದಿನ ಹೂ ಒಯ್ದು ಮರಿಯಮ್ಮನಿಗೆ ಅರ್ಪಿಸುವುದು ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನ ಮುಂಚೆ. ಮೂರು ಮನೆಯ ಹಬ್ಬ ಒಂದೇ ಕಾಲ ತೋರಿಸುತ್ತಿದೆ. ಪಾಠಪುಸ್ತಕದ ವಸಂತವನ್ನು, ಫೋನಿಗೆ ಬಂದ ಪರದೇಶದ ಚಿತ್ರವನ್ನು ನಂಬುತ್ತೇವೆ. ನಮ್ಮದೇ ತುಳಸಿಕಟ್ಟೆಯ ಮೇಲಿರುವ ಹೂವನ್ನು ನಂಬುವುದಿಲ್ಲ.

ಆಗಸ್ಟ್ ಕೊನೆಗೆ ಅದೇ ಪಾದೆಗೆ ಬನ್ನಿ. ಎರಿಯೊಕಾಲನ್‌ನ ಅಂಗಿಗುಂಡಿಯಂಥ ಬಿಳಿ ಹೂಗಳು, ನಡುವೆ ಯುಟ್ರಿಕ್ಯುಲೇರಿಯಾದ ನೀಲಿ, ಅಂಚಿನಲ್ಲಿ ತುಂಬೆ. ಮಳೆ ಪಾದೆಯ ಸಾರವನ್ನೆಲ್ಲ ತೊಳೆದೊಯ್ಯುವುದರಿಂದ ಯುಟ್ರಿಕ್ಯುಲೇರಿಯಾ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಹಿಡಿಯುವುದು ಹೂವಲ್ಲ, ಒದ್ದೆ ಮಣ್ಣಿನೊಳಗಿನ ಸಾಸಿವೆಗಿಂತ ಚಿಕ್ಕ ಚೀಲಗಳು, ಸೆಕೆಂಡಿನ ನೂರನೇ ಒಂದು ಪಾಲು ಕೂಡ ಬೇಡ ಅವಕ್ಕೆ. ಬೆರಳು ಕಚ್ಚೀತೆಂದು ಮಕ್ಕಳನ್ನು ಹೆದರಿಸಬೇಡಿ.

ದೊಡ್ಡ ಕ್ಯಾಮೆರಾವೂ ಬೇಡ, ಫೋನ್ ಸಾಕು. ಆದರೆ ಹೊಟ್ಟೆಯಡಿ ಹೂ ಸಿಕ್ಕಿ ಅಪ್ಪಚ್ಚಿಯಾಗದಂತೆ ಬರಿಗಲ್ಲು ನೋಡಿ ಮಲಗಿ. ಮೋಡದ ಬೆಳಕು ಬಿಸಿಲಿಗಿಂತ ಒಳ್ಳೆಯದು. ಇನ್ನು ಹೂವಿನ ಕಾಲದ ಬಗ್ಗೆಯೇ ಮತ್ತೊಂದು ಮಾತು: ಘಟ್ಟದ ಕುರಿಂಜಿಯೆಲ್ಲ 12 ವರ್ಷಕ್ಕೊಮ್ಮೆಯೇ ಅರಳುತ್ತದೆ ಎಂಬುದೂ ಸುಳ್ಳು. ಆ ಗುಂಪಿನಲ್ಲಿ ಹಲವು ಜಾತಿಗಳಿವೆ, ಒಂದೊಂದರ ಲೆಕ್ಕ ಒಂದೊಂದು.

ಸಾತಾರಾದ ಕಾಸ್ ಪ್ರಸ್ಥಭೂಮಿಗೆ ಜನ ಟಿಕೆಟ್ ತೆಗೆದು ಹೋಗುತ್ತಾರೆ. ಅದೂ ಮುರಕಲ್ಲೇ. ಕಣ್ಣೂರಿನ ಮಾಡಾಯಿಪಾರದ ಹೆಸರನ್ನೇ ಹೊತ್ತ ಒಂದು ಎರಿಯೊಕಾಲನ್ ಇದೆ. ನಮ್ಮ ಪದವಿಗೆ ಸಿಗುವ ಹೆಸರು ಬಂಜರು. ಬಂಜರು ಎಂದ ಮೇಲೆ ಕಲ್ಲು ಕಡಿಯಲು ಯಾರಿಗೂ ಅಳುಕಿಲ್ಲ. ಆ ನೀಲಿ ಹೂವನ್ನು ನಾನು ಮೊದಲು ನೋಡಿದ ಪಾದೆಯಲ್ಲಿ ಈಗ ಆಳದ ಕೋರೆ ಇದೆ, ಸೋಣದಲ್ಲಿ ಅದರ ತುಂಬ ಕೆಂಪು ನೀರು.